ಸುರುಳಿ ಕೂದಲಿನ ಮೂರು ಕುದುರೆಗಳು

ನೆವಾಡಾ, ಜೂನ್ ೧೪, ೧೯೫೨

ಪ್ರೀತಿಯ ಮಗಳು ಮಾಯಲೆನ್‌ಗೆ,

ಅಪ್ಪ ಹೋದ ಸುದ್ದಿ ಜನವರಿಯಲ್ಲೇ ಬರೆದೆ, ನೀನು ಬರಲಿಲ್ಲ. ರಸ್ತೆಯೆಲ್ಲ ಹಿಮ ಮುಚ್ಚಿತ್ತು, ನಿಜ. ರಸ್ತೆ ತೆರೆದ ಮೇಲೂ ಬರಲಿಲ್ಲವಲ್ಲ. ಗುಂಡಿನ ಸದ್ದು ಕೇಳಿ ನೀನು ಓಡಿ ಬಂದಾಗ ನಿನ್ನ ಕುದುರೆಮರಿ ಬೆಲ್ಚಾ ನೆಲಕ್ಕೆ ಬಿದ್ದಿತ್ತು, ಅಪ್ಪ ಬಂದೂಕು ಹಿಡಿದು ನಿಂತಿದ್ದರು. ಆ ಸಿಟ್ಟಿಗೆ ಈಗ ಒಂಬತ್ತು ವರ್ಷ. ನನ್ನ ಹಟವೇ ನಿನಗೂ ಬಂದಿದೆ, ಯಾರನ್ನು ಬೈಯಲಿ?

ಈ ಸಲ ಹಿಮ ಬೇಲಿಯ ಮೇಲುತಂತಿಯನ್ನೂ ನುಂಗಿತು. ಬೆಟ್ಟದ ಮೇಲಿದ್ದ ನಲವತ್ತು ಕುದುರೆಗಳನ್ನು ಇಳಿಸಿ ತರುತ್ತೇನೆಂದು ನಿಮ್ಮಪ್ಪ ತಮ್ಮ ನುಣುಪು ಮೈಯ ಕಂದು ಕುದುರೆ ಹತ್ತಿ ಹೊರಟರು. "ಬೆಳ್ಳುಳ್ಳಿ ಸಾರು ಒಲೆ ಮೇಲೇ ಇರ್ಲಿ, ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ" ಅಂದರು. ಪಕ್ಕದ ರ‍್ಯಾಂಚಿನ ಡೆಲ್ಬರ್ಟ್‌ಗೆ ಅವರು ಸಿಕ್ಕಿದ್ದು ಐದನೇ ದಿನ. ಕುದುರೆಯೂ ಅಲ್ಲೇ ಸತ್ತು ಬಿದ್ದಿತ್ತು. ಐದು ದಿನವೂ ಆ ಸಾರನ್ನು ಬಿಸಿ ಮಾಡುತ್ತಲೇ ಇದ್ದೆ.

ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಬೆಟ್ಟದ ತುಂಬ ಕುದುರೆಗಳ ಹೆಣ. ಮೂರು ಮಾತ್ರ ತಾವಾಗಿ ಇಳಿದು ಬಂದು ಗೇಟಿನ ಮುಂದೆ ನಿಂತವು. ಮೂರಕ್ಕೂ ಕುರಿಮರಿಯಂಥ ಸುರುಳಿ ಕೂದಲು, ನಿನ್ನ ಬೆಲ್ಚಾಗೆ ಇದ್ದಂಥದೇ. ಗಿಡಗಂಟಿ ಮೇಯ್ದು ಮೈ ಕೈ ತುಂಬಿಕೊಂಡೇ ಇದ್ದವು.

ಇಂಥವನ್ನು ಕಂಡರೆ ಕೆಲಸಕ್ಕೆ ಬಾರದವೆಂದು ಸುತ್ತಲಿನವರೆಲ್ಲ ಹೊಡೆದು ಹಾಕುತ್ತಿದ್ದರು. ಡೆಲ್ಬರ್ಟ್ ನಿಮ್ಮಪ್ಪನನ್ನು ಹೆಸರು ಹಿಡಿದೇ ರೇಗಿಸುತ್ತಿದ್ದ: "ಏನ್ ಬೆಟ್ಟಿರಿ, ಕುರಿಗೆ ಜೀನು ಹಾಕೋಕೆ ಹೊರಟಿದ್ದೀಯಾ?" ಇವರು, "ನಮ್ಮ ಹುಡುಗಿಗೆ ಇಷ್ಟ ಕಣಯ್ಯ, ಇರ್ಲಿ ಬಿಡು" ಅನ್ನುತ್ತಿದ್ದರು. ಬೆಲ್ಚಾ ಸತ್ತ ಮೇಲೆ ಒಂದನ್ನೂ ಯಾರಿಗೂ ಮುಟ್ಟಗೊಡಲಿಲ್ಲ. ಇವು ಉಳಿದದ್ದು ಅದರಿಂದ.

ಈಗ ಅದೇ ಡೆಲ್ಬರ್ಟ್ ಟೋಪಿ ಕೈಯಲ್ಲಿ ಹಿಡಿದು ಬರುತ್ತಾನೆ. "ಇವುಗಳಿಂದ್ಲೇ ಒಂದು ತಳಿ ಶುರು ಮಾಡೋಣ ಕಣಮ್ಮ. ಈ ಚಳಿ ತಡ್ಕೊಂಡ ಕುದುರೆ ಇನ್ನೆಲ್ಲಿದೆ?" ಅನ್ನುತ್ತಾನೆ. ಒಂದು ಗಂಡು, ಎರಡು ಹೆಣ್ಣು ಇವೆ. ಮಗಳನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ.

ಕಳೆದ ವಾರ ಗಂಡಿನ ಕತ್ತಿನ ಜೂಲು ಹಿಡಿ ಹಿಡಿಯಾಗಿ ಉದುರತೊಡಗಿತು, ಬೆಲ್ಚಾಗೆ ಆದ ಹಾಗೆಯೇ. ಮತ್ತೆ ಅದೇ ಕಜ್ಜಿ ಬಂತೆಂದುಕೊಂಡೆ. ಕುತ್ತಿಗೆ ಸವರಿ ನೋಡಿದೆ. ಗಾಯವಿಲ್ಲ, ಹೊಟ್ಟಿಲ್ಲ, ಚರ್ಮ ಎಳೆಮಗುವಿನ ಮೈಯ ಹಾಗಿದೆ. ಎರಡು ದಿನದಲ್ಲಿ ಹೆಣ್ಣುಗಳದ್ದೂ ಉದುರಿತು. ಸೆಕೆಗೆ ಜೂಲು ಉದುರಿಸಿ ಚಳಿಗೆ ಮತ್ತೆ ಬೆಳೆಸಿಕೊಳ್ಳುವುದು ಇವುಗಳ ಹುಟ್ಟುಗುಣ ಎಂದು ಆಗ ಹೊಳೆಯಿತು. ಬೇಸಿಗೆಯಲ್ಲಿ ಬೆಟ್ಟದ ಮೇಲಿರುತ್ತಿದ್ದವು, ನಾವ್ಯಾರೂ ಕಂಡಿರಲಿಲ್ಲ. ಬೆಲ್ಚಾಗೆ ಯಾವ ರೋಗವೂ ಇರಲಿಲ್ಲ, ಮಗಳೇ.

ಒಮ್ಮೆ ಬಾ. ಅಪ್ಪನನ್ನು ಮಣ್ಣು ಮಾಡಿದಲ್ಲಿ ಒಂದು ಗಳಿಗೆ ನಿಲ್ಲು. ತಳಿಯ ವಿಚಾರ ಆಮೇಲೆ ನೋಡೋಣ.

ನಿನ್ನ ಅಮ್ಮ,
ಗ್ರಾಶಿಯಾನಾ

ತಾ.ಕ.: ಬೆಲ್ಚಾಗೆ ಗುಂಡು ಹೊಡೆದದ್ದು ನಾನು. ಕಜ್ಜಿ ಉಳಿದವಕ್ಕೂ ಹತ್ತುತ್ತದೆಂದು ಹೆದರಿ ಹೊಡೆದೆ. ಅಪ್ಪ ನಿನಗಿಂತ ಮೊದಲು ಓಡಿ ಬಂದು ನನ್ನ ಕೈಯಿಂದ ಬಂದೂಕು ಕಿತ್ತುಕೊಂಡರು. "ಸಿಟ್ಟು ನನ್ನ ಮೇಲಿರ್ಲಿ. ಅಮ್ಮನೂ ಬೇಡ ಅನ್ನಿಸಿದ್ರೆ ಹುಡುಗಿ ಎಲ್ಲಿಗೆ ಹೋಗ್ತಾಳೆ?" ಅಂದರು. ನೀನು ನನಗೆ ಬರೆದ ಕಾಗದಗಳನ್ನೆಲ್ಲ ಅವರಿಗೆ ಓದಿ ಹೇಳುತ್ತಿದ್ದೆ. ಪ್ರತಿ ಸಲವೂ "ನನ್ನ ಬಗ್ಗೆ ಏನಾದ್ರೂ ಬರೆದಿದ್ದಾಳಾ?" ಎಂದು ಕೇಳುತ್ತಿದ್ದರು. ಆಗಲೂ ನಾನು ನಿನಗೆ ನಿಜ ಬರೆಯಲಿಲ್ಲ.