ಚಿಕ್ಕಪ್ಪನ ಮಾತು ನನ್ನ ಬಾಯಲ್ಲಿ

ಮಾರ್ಚ್ 3, ಸೋಮವಾರ

ಇಡೀ ದಿನ ದವಡೆ. ಮೇಲಿನದು, ಕೆಳಗಿನದು, ಮತ್ತೆ ಮೇಲಿನದು. ಹಲ್ಲಿನ ಸೆಟ್ ಮಾಡುವವಳಿಗೆ ಜನರ ಮುಖ ಗೊತ್ತಿರುವುದಿಲ್ಲ, ಬಾಯಿ ಮಾತ್ರ ಗೊತ್ತು. ಕತ್ತು ಹಿಡಿದುಕೊಂಡಿದೆ. ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಪುಡಿ, ಎಷ್ಟು ತಿಕ್ಕಿದರೂ ಹೋಗದು.

ಮನೆಗೆ ಬಂದರೆ ಬಾಗಿಲಲ್ಲೇ ಚಿಕ್ಕಪ್ಪ. ಊರಿಂದ ಬಂದು ವಾರವಾಯಿತು, ಸಂಜೆಯಾದರೆ ಬಾಗಿಲು ತೆಗೆದು ನಿಂತೇ ಕಾಯುತ್ತಾರೆ. ಹೀಟರ್ ಬಿಸಿಯೆಲ್ಲ ಹೊರಗೆ.

"ಯಾಕೆ ಲೇಟು ಮಗಾ? ಪಂಕ್ಚರ್ ಆಯ್ತಾ?"

ನಲವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಯಾರಾದರೂ ತಡವಾಗಿ ಬಂದರೆ ಅವರ ಪ್ರಕಾರ ಮೂರೇ ಕಾರಣ — ಪಂಕ್ಚರ್, ಪೊಲೀಸ್, ಟೀ.

ಇನ್ನೂ ಅವರಿಗೆ ವಿಷಯ ಹೇಳಿಲ್ಲ. ನೋಡಿಕೊಂಡು ಹೋಗಲು ಬಂದವರನ್ನು ಈ ದೇಶದಲ್ಲೇ ಇಟ್ಟುಕೊಳ್ಳಬೇಕು ಅಂತ ನನ್ನ ಆಸೆ. ವೀಸಾ ನೋಡುವ ವಕೀಲೆಯನ್ನು ಕೇಳಿದೆ, ಆಗುತ್ತದೆ ಅಂದಳು. ಇವರು ಹೂಂ ಅಂದರೆ ಸಾಕು. ಚಿಕ್ಕಮ್ಮ ಹೋದ ಮೇಲೆ ಊರಲ್ಲಿ ತಮ್ಮ ಲಾರಿಯ ಹಳೇ ಕ್ಲೀನರ್ ಇಟ್ಟಿರುವ ಗ್ಯಾರೇಜಿನ ಹಿಂದಿನ ರೂಮಿನಲ್ಲಿದ್ದಾರೆ. ಆಯಿಲ್ ವಾಸನೆಯಲ್ಲಿ ಮಲಗುತ್ತಾರೆ. ಕೇಳಿದರೆ "ಸ್ವರ್ಗ ಕಣೇ" ಅನ್ನುತ್ತಾರೆ. ಸ್ವರ್ಗವಂತೆ! ಇಲ್ಲಿ ಬೆಚ್ಚಗಿನ ರೂಮಿದೆ, ಡಾಕ್ಟರ್ ಇದ್ದಾರೆ, ನಾನಿದ್ದೇನೆ.

ಮೊದಲು ಊರು ತೋರಿಸಬೇಕು. ರುಚಿ ಹತ್ತಿಸಬೇಕು. ಆಮೇಲೆ ಮಾತು.

ಮಾರ್ಚ್ 9, ಭಾನುವಾರ

ಜಲಪಾತ ಆಯಿತು. ಹೋಗಿ ಬರಲು ದಿನವೇ ಬೇಕಾಯಿತು. ಸೊಂಟ ಬಿದ್ದುಹೋಗಿದೆ.

ಚಿಕ್ಕಪ್ಪ ಜಲಪಾತವನ್ನು ಒಂದು ಗಳಿಗೆ ನೋಡಿದರು. "ಚೆನ್ನಾಗಿದೆ. ನೀರು ಮೇಲಿಂದ ಕೆಳಗೆ ಬೀಳ್ತಾ ಇದೆ" ಅಂದರು. ಆಮೇಲೆ ಪಾರ್ಕಿಂಗಿನಲ್ಲಿ ನಿಂತಿದ್ದ ದೊಡ್ಡ ಟ್ರಕ್ಕುಗಳ ಸುತ್ತ ಪ್ರದಕ್ಷಿಣೆ. ಒಂದೊಂದು ಟೈರನ್ನೂ ಮುಟ್ಟಿ ನೋಡಿದರು. ಅಜ್ಜಿಗೆ ಅರಿವೆ ಚಿಂತೆ!

ನಿಜ ಹೇಳಬೇಕೆಂದರೆ ನಾನೂ ಆ ಜಲಪಾತ ನೋಡಿದ್ದು ಇವತ್ತೇ. ಇಷ್ಟು ವರ್ಷ ಇಲ್ಲಿದ್ದೇನೆ. ಯಾರಾದರೂ ಬಂದಾಗ ನೋಡೋಣ ಅಂತ ಇಟ್ಟಿದ್ದೆ. ಯಾರೂ ಬರಲಿಲ್ಲ. ಮದುವೆಯಾಗಿ ಕರೆದುಕೊಂಡು ಬಂದವನು ಜಲಪಾತ ತೋರಿಸುವಷ್ಟು ದಿನ ಜೊತೆಗಿರಲಿಲ್ಲ. ಚಿಕ್ಕಪ್ಪ ಅವನ ಸುದ್ದಿ ಎತ್ತಿಲ್ಲ. ಇವತ್ತಿಗೂ.

ಬರುವಾಗ ದಾರಿಯುದ್ದಕ್ಕೂ ಹಳೇ ಕಥೆ. ಅಪ್ಪ ಹೋದ ಮೇಲೆ ನನ್ನ ಬೇಸಿಗೆ ರಜೆಯೆಲ್ಲ ಇವರ ಲಾರಿಯಲ್ಲೇ ಕಳೆದದ್ದು. ಸೀಟಿನ ಹಿಂದೆ ಹಲಗೆ, ಅದರ ಮೇಲೆ ಚಿಕ್ಕಮ್ಮನ ಹಳೇ ಸೀರೆ ಹಾಸಿ ನನ್ನ ಹಾಸಿಗೆ. ಬುತ್ತಿ ಬಿಚ್ಚಿದರೆ ಕ್ಯಾಬಿನ್ ತುಂಬ ಒಗ್ಗರಣೆ ಘಮ. ನಾನು ಓದಲು ಕಲಿತದ್ದೇ ಮುಂದಿನ ಲಾರಿಗಳ ಹಿಂಭಾಗ ನೋಡಿ. "ನೀನು ಜೋರಾಗಿ ಓದ್ತಿದ್ದೆ, ಕ್ಲೀನರ್ ಚಪ್ಪಾಳೆ ತಟ್ತಿದ್ದ" ಅಂದರು. ಮರೆತೇ ಹೋಗಿತ್ತು. ಎಷ್ಟು ಸುಖವಾಗಿದ್ದೆ ಆಗ.

ಮಾರ್ಚ್ 16, ಭಾನುವಾರ

ಕೆರೆಯಲ್ಲಿ ದೋಣಿ ಹತ್ತಿಸಿದೆ. ಚಿಕ್ಕಪ್ಪನಿಗೆ ಖುಷಿ, ವಾಂತಿ, ಎರಡೂ ಆಯಿತು.

ದೋಣಿಯವನು ಏನೋ ಜೋಕ್ ಹೇಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವನು ಆ ತುದಿಗೆ ಹೋಗಿದ್ದ. ಚಿಕ್ಕಪ್ಪ ಖಾಲಿ ಜಾಗ ನೋಡಿಕೊಂಡು ನಕ್ಕರು. ಅಂಗಡಿ, ಬಸ್ಸು, ಬಿ.ಪಿ. ನೋಡುವ ನರ್ಸು — ಎಲ್ಲೆಲ್ಲೂ ನಾನೇ ಅವರ ಬಾಯಿ. ಊರಿನಲ್ಲಿ ಟೋಲ್ ಗೇಟಿನವನಿಂದ ಹಿಡಿದು ಎಲ್ಲರ ಜೊತೆ ಹರಟುತ್ತಿದ್ದ ಮನುಷ್ಯ. ಅಭ್ಯಾಸವಾಗುತ್ತದೆ. ನನಗೆ ಆಗಲಿಲ್ಲವೇ?

ಸುಸ್ತು. ಮುಂದಿನ ಶನಿವಾರ ಸಮುದ್ರ. ಅಲ್ಲೇ ಕೇಳುತ್ತೇನೆ. ಸಮುದ್ರ ನೋಡಿ ಯಾರೂ ಇಲ್ಲ ಅನ್ನಲಾರರು.

ಮಾರ್ಚ್ 22, ಶನಿವಾರ, ಮಧ್ಯಾಹ್ನ 3

ರಸ್ತೆ ಬದಿ. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ.

ಯಾರಿಗೂ ಏನೂ ಆಗಿಲ್ಲ. ಮೊದಲು ಅದನ್ನು ಬರೆಯಬೇಕು.

ಮುಂದೆ ಕಲ್ಲು ತುಂಬಿದ ಲಾರಿ. ನಿಧಾನ. ನಾನು ಸುಮ್ಮನೆ ಹಿಂದೆ ಹೋಗುತ್ತಿದ್ದೆ. ಲಾರಿಯವನು ಇಂಡಿಕೇಟರ್ ಹಾಕಿದ. ಚಿಕ್ಕಪ್ಪ ಪಕ್ಕದಲ್ಲಿ ಎದ್ದು ಕೂತರು. "ಸೈಡ್ ಕೊಟ್ಟ, ಸೈಡ್ ಕೊಟ್ಟ! ಹೊಡಿ ಮಗಾ, ಹೋಗು ಹೋಗು!"

ನಮ್ಮೂರ ಲಾರಿಯವರ ರೂಢಿ ಅದು. ಮುಂದೆ ರಸ್ತೆ ಖಾಲಿ ಇದೆ, ನನ್ನನ್ನು ದಾಟಿ ಹೋಗು ಅಂತ ಹಿಂದಿನವರಿಗೆ ಹೇಳಲು ಇಂಡಿಕೇಟರ್ ಹಾಕುತ್ತಾರೆ. ಇಲ್ಲಿ ಇಂಡಿಕೇಟರ್ ಹಾಕಿದರೆ ತಿರುಗುತ್ತೇನೆ ಅಂತ, ಅಷ್ಟೇ. ನನಗೆ ಗೊತ್ತು. ಚೆನ್ನಾಗಿ ಗೊತ್ತು. ಆದರೆ ಆ ದನಿ... ಆ ದನಿ ಕೇಳಿದರೆ ನನಗೆ ಯೋಚನೆ ಬರುವುದಿಲ್ಲ, ಧೈರ್ಯ ಬರುತ್ತದೆ. ಹೊಡೆದೆ.

ಲಾರಿ ತಿರುಗಿತು.

ಬ್ರೇಕ್ ಒತ್ತಿ, ಹೊರಳಿಸಿ, ಚರಂಡಿ ಕಡೆ ಹೋಗಿ ನಿಂತೆ. ಬಾಗಿಲಿನುದ್ದಕ್ಕೂ ಲಾರಿ ಉಜ್ಜಿಕೊಂಡು ಹೋಗಿದೆ. ಮುಂದಿನ ಚಕ್ರ ವಾಲಿದೆ. ಲಾರಿಯವನು, ಗಡ್ಡದವನು, ಇಳಿದು ಓಡಿ ಬಂದ. ಬೈಯಲಿಲ್ಲ. ನಮ್ಮಿಬ್ಬರ ಕೈಕಾಲು ನೋಡಿ ನೀರು ಕೊಟ್ಟ. ಪೊಲೀಸ್ ಬಂದು ಬರೆದುಕೊಂಡು ಹೋದರು. ಅದರ ವಿಷಯ ಈಗ ಬೇಡ.

ಚಿಕ್ಕಪ್ಪ ಅಗೋ, ದೂರದ ಕಲ್ಲಿನ ಮೇಲೆ ಕೂತಿದ್ದಾರೆ. ನನಗೆ ಬೆನ್ನು. ಕಾರು ಎಳೆಯುವ ಗಾಡಿ ಇನ್ನೂ ಬಂದಿಲ್ಲ.

ಮಾರ್ಚ್ 23, ಭಾನುವಾರ

ಪೊಲೀಸಿನ ವಿಷಯ. ಬರೆದರೆ ಹಗುರವಾದೀತು.

ಪೊಲೀಸ್ ಹೆಂಗಸು ಚಿಕ್ಕಪ್ಪನ ಕಡೆ ತಿರುಗಿ, ಇವರು ಏನು ನೋಡಿದರು ಅಂತ ನನ್ನನ್ನು ಕೇಳಿದಳು. ಚಿಕ್ಕಪ್ಪ ನೆಟ್ಟಗೆ ನಿಂತು ಹೇಳಿದರು. "ತಪ್ಪು ನಂದು. ಹೋಗು ಅಂತ ಹೇಳ್ದೋನು ನಾನು. ಹುಡುಗಿದೇನೂ ಇಲ್ಲ. ಹೀಗೇ ಹೇಳು ಮಗಾ, ಒಂದಕ್ಷರ ಬಿಡಬೇಡ."

ನನ್ನ ತಲೆಯಲ್ಲಿ ಏನೇನೋ ಓಡಿತು. ಇವರ ಹೆಸರು ಪೊಲೀಸ್ ಕಾಗದ ಸೇರಿದರೆ? ನಾಳೆ ಇಲ್ಲೇ ಇರಲು ಅರ್ಜಿ ಹಾಕಬೇಕಾದವರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ತಪ್ಪು ನನ್ನದು, ಇವರು ಏನೂ ನೋಡಿಲ್ಲ, ನಿದ್ದೆ ಮಾಡುತ್ತಿದ್ದರು.

ಅವಳು ಖಾತ್ರಿ ಮಾಡಿಕೊಳ್ಳಲು ಚಿಕ್ಕಪ್ಪನ ಕಡೆ ನೋಡಿ ಅಂಗೈಯನ್ನು ಕೆನ್ನೆಗಿಟ್ಟು ತಲೆ ವಾಲಿಸಿದಳು. ನಿದ್ದೆ?

ಅದಕ್ಕೆ ಯಾವ ಭಾಷೆ ಬೇಕು. ಚಿಕ್ಕಪ್ಪ ನನ್ನನ್ನೇ ನೋಡಿದರು. ಹೋಗಿ ಕಲ್ಲಿನ ಮೇಲೆ ಕೂತರು.

ಮನೆಗೆ ಬರುವವರೆಗೂ ಮಾತಿಲ್ಲ. ಇವತ್ತೂ ಇಲ್ಲ.

ಮಾರ್ಚ್ 27, ಗುರುವಾರ

ಇವತ್ತು ಬಾಯಿ ಬಿಟ್ಟರು. ನಾನು ತಟ್ಟೆ ಇಡುತ್ತಿದ್ದೆ.

"ಪಕ್ಕದ ಸೀಟಲ್ಲಿ ಕೂತು ನಿದ್ದೆ ಮಾಡಿದೆ ಅಂದ್ಯಾ ನನ್ನನ್ನ?"

"ನಿಮಗೋಸ್ಕರ ಚಿಕ್ಕಪ್ಪ. ನಿಮಗೆ ತೊಂದರೆ ಆಗಬಾರದು ಅಂತ."

"ಡ್ರೈವರ್ ಪಕ್ಕ ಕೂತೋನು ನಿದ್ದೆ ಮಾಡಿದ್ರೆ ಅವನನ್ನ ಅಲ್ಲೇ ಇಳಿಸಿ ಹೋಗ್ತಿದ್ವಿ ನಾವು. ಎಷ್ಟು ಜನ ಕ್ಲೀನರ್‌ಗಳನ್ನ ಇಳಿಸಿದ್ದೀನಿ ಗೊತ್ತಾ?" ತಟ್ಟೆ ಪಕ್ಕಕ್ಕೆ ಸರಿಸಿದರು. "ತಪ್ಪು ಮಾಡ್ದೆ. ಈ ವಯಸ್ಸಲ್ಲಿ ತಪ್ಪಾಯ್ತು ಅಂತ ಒಂದು ಮಾತು ಹೇಳೋಕೆ ಹೋದೆ. ಅದನ್ನೂ ನನ್ನ ಬಾಯಿಂದ ಕಿತ್ಕೊಂಡೆಯಲ್ಲೇ."

ಅಳು ಬಂತು, ಸಿಟ್ಟೂ ಬಂತು. ಇವರಿಗಾಗಿ ಇಷ್ಟೆಲ್ಲ ಮಾಡಿ ಕೊನೆಗೆ ನಾನೇ ಕಳ್ಳಿ! ಮುಖ ಊದಿಸಿಕೊಂಡು ರೂಮಿಗೆ ಹೋದೆ. ಸ್ವಲ್ಪ ಹೊತ್ತಿಗೆ ಪಾತ್ರೆ ತೊಳೆಯುವ ಸದ್ದು. ಅವರೇ ತೊಳೆಯುತ್ತಿದ್ದರು. ಅನ್ನ ತಿಂದಿದ್ದರು, ನನ್ನ ಪಾಲು ಮುಚ್ಚಿಟ್ಟಿದ್ದರು.

ಏಪ್ರಿಲ್ 5, ಶನಿವಾರ

ಚಿಕ್ಕಪ್ಪನದು ಒಂದೇ ಹಟ. ಆ ಗಡ್ಡದವನನ್ನು ನೋಡಬೇಕು. ಲಾರಿ ಬಾಗಿಲ ಮೇಲೆ ಕಲ್ಲುಕ್ವಾರಿಯ ಹೆಸರಿತ್ತು, ಹುಡುಕುವುದು ಕಷ್ಟವಾಗಲಿಲ್ಲ. ನನ್ನ ಕಾರು ಇನ್ನೂ ರಿಪೇರಿಯಲ್ಲಿ. ನಮ್ಮ ಹಲ್ಲಿನ ಲ್ಯಾಬಿನಲ್ಲಿ ಪಕ್ಕದ ಬೆಂಚಿನವಳು ತಾನೇ ಕರೆದುಕೊಂಡು ಹೋಗುತ್ತೇನೆ ಅಂದಳು. ಮೇಣದ ಮೇಲೆ ಹಲ್ಲು ಕೂರಿಸುವವಳು, ನನಗಿಂತ ದೊಡ್ಡವಳು. ಮನಸ್ಸಿನಲ್ಲೇ ನಾನು ಅವಳನ್ನು ಮೇಣದಕ್ಕ ಅನ್ನುವುದು. ಇಷ್ಟು ವರ್ಷ ಪಕ್ಕಪಕ್ಕ ಕೂತು ಹಲ್ಲಿನ ಬಣ್ಣ ಬಿಟ್ಟು ಬೇರೇನೂ ಮಾತಾಡಿದವರಲ್ಲ ನಾವು. ಆಕ್ಸಿಡೆಂಟ್ ಆದದ್ದು ಕೇಳಿ, ನಾನು ಬೇಡ ಅನ್ನುತ್ತಿದ್ದರೂ ಬಂದಳು.

ಕ್ವಾರಿ ಗೇಟಿನಲ್ಲಿ ನಾನೂ ಇಳಿಯಲು ಹೋದೆ. "ನೀನು ಕೂತ್ಕೋ" ಅಂದರು ಚಿಕ್ಕಪ್ಪ.

"ಅವನಿಗೆ ಅರ್ಥ ಆಗಲ್ಲ ಚಿಕ್ಕಪ್ಪ, ನಾನು ಬಂದು—"

"ಆಗದಿದ್ರೆ ಬೇಡ. ಕೂತ್ಕೋ."

ಕಾರಿನ ಗಾಜಿನಿಂದ ನೋಡಿದೆವು. ಗಡ್ಡದವನು ಲಾರಿಯಿಂದ ಇಳಿದ. ಚಿಕ್ಕಪ್ಪ ಮೊದಲು ಕೈ ಮುಗಿದರು. ಆಮೇಲೆ ಬೆರಳು ಮಡಚಿ ತೆರೆದು ಮಡಚಿ ತೆರೆದು ಇಂಡಿಕೇಟರ್ ಮಾಡಿದರು, ಸ್ಟೀರಿಂಗ್ ತಿರುಗಿಸಿದರು, ತಮ್ಮ ಎದೆ ಮುಟ್ಟಿಕೊಂಡರು, ತಮ್ಮ ತಲೆಗೆ ತಾವೇ ಮೊಟಕಿಕೊಂಡರು. ಗಡ್ಡದವನು ತಲೆ ಕೆರೆದುಕೊಂಡ. ಮತ್ತೆ ಮೊದಲಿನಿಂದ. ಇದ್ದಕ್ಕಿದ್ದಂತೆ ಅವನಿಗೆ ಹೊಳೆಯಿತು — ಹೊಟ್ಟೆ ಹಿಡಿದುಕೊಂಡು ನಕ್ಕ. ಚಿಕ್ಕಪ್ಪನೂ ನಕ್ಕರು. ಬಂದಾಗಿನಿಂದ ಅವರು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

"ಏನು ಹೇಳುತ್ತಿದ್ದಾರೆ?" ಅಂದಳು ಮೇಣದಕ್ಕ.

"ಗೊತ್ತಿಲ್ಲ" ಅಂದೆ.

ಅವನು ಚಿಕ್ಕಪ್ಪನನ್ನು ಕ್ಯಾಬಿನ್ನಿಗೆ ಹತ್ತಿಸಿಕೊಂಡು ಅಂಗಳದಲ್ಲಿ ಒಂದು ಸುತ್ತು ಹೊಡೆಸಿದ. ಹಾರ್ನ್ ಹೊಡೆಯಲು ಬಿಟ್ಟ. ನನಗೆ ಹೊಟ್ಟೆಕಿಚ್ಚಾಯಿತು. ಬರೆಯಲು ನಾಚಿಕೆ, ಆದರೂ ಹೌದು. ಜಲಪಾತ, ದೋಣಿ, ನಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಏಪ್ರಿಲ್ 11, ಶುಕ್ರವಾರ

ನಾಳೆ ಫ್ಲೈಟ್. ಸೂಟ್‌ಕೇಸ್ ಕಟ್ಟಿ ಆಯಿತು. ಗ್ಯಾರೇಜಿನ ಹುಡುಗರಿಗೆ ಅಂತ ಗ್ಲೌಸು, ಕ್ಲೀನರ್‌ಗೆ ಟಾರ್ಚು. ಎಲ್ಲ ತಾವೇ ಅಂಗಡಿಗೆ ಹೋಗಿ ಕೈಸನ್ನೆ ಮಾಡಿ ತಂದದ್ದು.

ಅಂಗಿ ಮಡಚುತ್ತಾ ಮಡಚುತ್ತಾ ಕೇಳಿದೆ. ಡಾಕ್ಟರ್, ಬೆಚ್ಚಗಿನ ರೂಮು, ಪೇಪರೆಲ್ಲ ನಾನು ನೋಡಿಕೊಳ್ಳುತ್ತೇನೆ, ನಿಮ್ಮ ಒಳ್ಳೆಯದಕ್ಕೇ...

"ನನ್ನ ಒಳ್ಳೇದು ಬಿಡು. ನಿಂಗೇನು ಬೇಕು?"

ಅಂಗಿ ಕೈಯಲ್ಲೇ ಉಳಿಯಿತು. ಇದನ್ನು ಯಾರೂ ಕೇಳಿರಲಿಲ್ಲ. "ನಂಗೆ ಸಾಕಾಗಿದೆ ಚಿಕ್ಕಪ್ಪ" ಅಂದೆ. "ಒಬ್ಬಳೇ ಇದ್ದು ಇದ್ದು ಸಾಕಾಗಿದೆ. ಬಾಗಿಲು ತೆಗೆದು ಯಾರಾದ್ರೂ ನಿಂತಿರಬೇಕು. ನಂಗೆ ನೀವು ಬೇಕು."

ಅವರ ಕಣ್ಣೂ ಒದ್ದೆ. ಪಕ್ಕ ಬಂದು ಕೂತರು. ತಲೆ ಮೇಲೆ ಕೈಯಿಟ್ಟರು, ಲಾರಿಯಲ್ಲಿ ಇಡುತ್ತಿದ್ದ ಹಾಗೇ.

"ಇರ್ತಿದ್ದೆ ಮಗಾ. ಆದ್ರೆ ಇಲ್ಲಿ ನಾನಿದ್ರೆ ನಿಂಗೆ ಇನ್ನೊಂದು ಕೆಲಸ ಅಷ್ಟೇ. ಬೆಳಗ್ಗೆಯಿಂದ ಊರೋರ ಹಲ್ಲು ಮಾಡ್ತೀಯ. ಸಂಜೆ ಬಂದು ನನ್ನ ಮಾತು ಆಡ್ತೀಯ. ನಿನ್ನ ಮಾತು ಯಾವಾಗ ಆಡೋದು? ಯಾರ ಹತ್ರ?"

ಮಡಚಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದೆ.

"ಆ ಅಕ್ಕ ನಮ್ಮನ್ನ ಕಾರಲ್ಲಿ ಕರ್ಕೊಂಡು ಹೋದ್ಲಲ್ಲ. ಅವಳಿಗೆ ಮನೆಗೆ ಬಾ ಅಂದ್ಯಾ?"

ಅಂದಿರಲಿಲ್ಲ.

ಏಪ್ರಿಲ್ 12, ಶನಿವಾರ

ಏರ್‌ಪೋರ್ಟಿನಲ್ಲಿ ಚಿಕ್ಕಪ್ಪ ನನ್ನನ್ನು ಕೌಂಟರ್ ಹತ್ತಿರ ಬರಲು ಬಿಡಲಿಲ್ಲ. ಹಗ್ಗದ ಈಚೆ ನಿಂತು ನೋಡಿದೆ. ಪಾಸ್‌ಪೋರ್ಟ್ ತೋರಿಸಿದರು, ಏನೋ ಕೈಸನ್ನೆ ಮಾಡಿದರು, ಕೌಂಟರಿನ ಹುಡುಗಿ ನಕ್ಕಳು, ಕಿಟಕಿ ಸೀಟು ಕೊಟ್ಟಳು ಅನ್ನಿಸುತ್ತದೆ. ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದರು. ಹೋದರು.

ಮನೆ. ಬಾಗಿಲು ನಾನೇ ತೆಗೆದೆ.

ಏಪ್ರಿಲ್ 22, ಮಂಗಳವಾರ, ಊಟದ ಬಿಡುವು

ಇಷ್ಟು ದಿನ ಬರೆಯಲಿಲ್ಲ. ದವಡೆ, ಮನೆ, ದವಡೆ. ಚಿಕ್ಕಪ್ಪ ಗ್ಯಾರೇಜಿನ ಗದ್ದಲದಲ್ಲಿ ನಿಂತು ಫೋನಿನಲ್ಲಿ ಕೂಗುತ್ತಾರೆ. ಚೆನ್ನಾಗಿದ್ದೀಯಾ ಅಂದರೆ ಚೆನ್ನಾಗಿದ್ದೀನಿ ಅಂತ ನಾನೂ ಕೂಗುತ್ತೇನೆ.

ಈಗ ಮೇಣದಕ್ಕ ಚಿಕ್ಕಪ್ಪ ಹೇಗಿದ್ದಾರೆ ಅಂತ ಕೇಳಿದಳು. ತಲುಪಿದರು, ಆರಾಮಾಗಿದ್ದಾರೆ, ಅವರಿಗೆ ಅಲ್ಲಿ ಜನ ಇದ್ದಾರೆ ಅಂದೆ.

"ನೀನು?" ಅಂದಳು.

ಚೆನ್ನಾಗಿದ್ದೇನೆ ಅನ್ನಲು ಬಾಯಿ ತೆರೆದವಳು, "ಚೆನ್ನಾಗಿಲ್ಲ" ಅಂದುಬಿಟ್ಟೆ. ಅವಳ ಭಾಷೆಯಲ್ಲಿ ಈ ಮಾತು ನಾನು ಯಾವತ್ತೂ ಆಡಿರಲಿಲ್ಲ. ಹೇಳಿದ್ದು ಸರಿಯಿತ್ತೋ ಇಲ್ಲವೋ. ಅವಳು ಮೇಣ ಕರಗಿಸುವ ದೀಪ ಆರಿಸಿದಳು. ಸ್ಟೂಲ್ ಎಳೆದುಕೊಂಡು ನನ್ನ ಎದುರು ಕೂತಳು. "ಹೇಳು" ಅಂದಳು.

ಒಂದು ನಿಮಿಷ ಅಂತ ಓಡಿ ಬಂದು ಟಾಯ್ಲೆಟ್ಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಎಲ್ಲಿಂದ ಶುರು ಮಾಡುವುದು? ಅಪ್ಪ ಹೋದಲ್ಲಿಂದಲಾ? ಇಲ್ಲಿಗೆ ಬಂದಲ್ಲಿಂದಲಾ? ಅರ್ಧಕ್ಕೇ ಅಳು ಬಂದರೆ? ಬರಲಿ. ಮನೆಗೆ ಬಾ ಅಂತ ಮೊದಲು ಹೇಳಲೋ, ಕೊನೆಗೆ ಹೇಳಲೋ...

ಬಾಗಿಲು ತಟ್ಟುತ್ತಿದ್ದಾಳೆ. "ಬಂದೆ, ಬಂದೆ" ಅಂದೆ. ಗಡಿಬಿಡಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟೆ. ಅವಳು ಹೊರಗಿನಿಂದ "ಬಂದೆ, ಬಂದೆ" ಅಂತ ನನ್ನ ಮಾತನ್ನೇ ತಿರುಗಿ ಅಂದು ನಗುತ್ತಿದ್ದಾಳೆ.