ರೆಪ್ಪೆ ಇಳಿದರೆ ದೇವಿಯೇ?

ಬಾವಲಿ, ಫೆಬ್ರವರಿ 9, 1982
ಗಂಜಿ ಹೊಟ್ಟೆಯಲ್ಲಿ ನಿಂತಿತು. ವಾಂತಿ ಇಲ್ಲ. ಕತ್ತಿನ ಗಂಟು ಕರಗುತ್ತಿದೆ — ಕ್ಯಾನ್ಸರಿಗೆ ಇಂಜೆಕ್ಷನ್ ನಾಟಿದೆ. ಆದರೆ ಎರಡೂ ರೆಪ್ಪೆ ಜೋತುಬಿದ್ದಿವೆ, ಅರ್ಧ ಬಾಗಿಲು ಹಾಕಿದ ಅಂಗಡಿ ಥರ. ಕಲ್ಲಿಕೋಟೆ ಡಾಕ್ಟರು ಮೊದಲೇ ಹೇಳಿದ್ದರು: "ಮದ್ದು ನರಕ್ಕೆ ತಾಗ್ತದೆ ಶಾಂತಾ. ನಿಲ್ಲಿಸಿದ ಮೇಲೆ ಸರಿಹೋಗ್ತದೆ. ಪೇಡಿಕ್ಕೇಂಡ." ಹೆದರುವವಳು ನಾನಲ್ಲ. ಎಡಗೈಯಲ್ಲಿ ರೆಪ್ಪೆ ಎತ್ತಿ ಹಿಡಿದೇ ಬರೆಯುತ್ತಿದ್ದೇನೆ.

ಎಸ್ಟೇಟಿನ ದಿವಾಕರನ್ ನಮ್ಮ ಹಾಡಿಯ ಒರತೆ ದಾರಿಗೆ ಮುಳ್ಳುಬೇಲಿ ಹಾಕಿದ್ದಾನೆ. ಕುಡಿಯಲು ಬೇರೆ ನೀರಿಲ್ಲ. ಸೋಮವಾರ ತಹಶೀಲ್ದಾರ್ ಬರುತ್ತಾರೆ. ಹೊಸ ಜಿಲ್ಲೆ, ಹೊಸ ಕಚೇರಿ — ಧಣಿ ಮಾತ್ರ ಹಳಬ. ಹಾಡಿಯ ಪರ ಮಾತಾಡಬೇಕಾದವಳು ನಾನು.

ಫೆ. 11
ಬೇಲಿ ವಿಚಾರಕ್ಕೆ ಹಾಡಿಯವರ ಸಭೆ. ಹೋಗಿ ಕೂತೆ. ಎಲ್ಲರ ಕಣ್ಣೂ ನನ್ನ ರೆಪ್ಪೆ ಮೇಲೆ. ದೇವಿ ಮೈಮೇಲೆ ಬರುವ ಕೆಂಚಜ್ಜ ಎದ್ದು ನನಗೇ ಕೈಮುಗಿದ!
"ನನ್ನ ಮೇಲೆ ಬರುವಾಗಲೂ ರೆಪ್ಪೆ ಹಿಂಗೇ ಇಳೀತದೆ. ಬೇಲಿ ಕೀಳಬೇಕಾ, ಬೇಡವಾ? ಅಪ್ಪಣೆ ಆಗಲಿ."
"ಅಜ್ಜಾ, ಇದು ಇಂಜೆಕ್ಷನ್ನು!"
"ಮೈಮೇಲೆ ಬಂದಿರೋದನ್ನ ದೇವಿ ಮೊದಲು ಒಪ್ಪಲ್ಲ ತಾಯಿ."
ಅಕ್ಕ ಮಲ್ಲಿಗಮ್ಮ ತೊಡೆ ಚಿವುಟಿದಳು. "ಹೂಂ ಅನ್ನೇ. ಒಂದೇ ಮಾತು. ಬೇಲಿ ಹೋಗ್ತದೆ."
ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಆಸೆಯಾಗಿತ್ತು... ಥೂ.

ಫೆ. 13
ಸುದ್ದಿ ದಿವಾಕರನಿಗೂ ಮುಟ್ಟಿದೆ. ನೇಂದ್ರ ಬಾಳೆಗೊನೆ ಹೊರಿಸಿಕೊಂಡು ಬಂದ. ಚಪ್ಪಲಿ ಬಿಟ್ಟು ನಿಂತ — ನಮ್ಮ ಅಂಗಳದಲ್ಲಿ!
"ದೇವಿಗೆ ದಾರಿ ಬಿಡ್ತೇನೆ. ವರ್ಷಕ್ಕೊಮ್ಮೆ, ಹಬ್ಬದ ದಿನ."
"ಉಳಿದ ದಿನ?"
"ಉಳಿದ ದಿನ ದೇವಿಗೆ ಯಾಕೆ?"
ಗೊತ್ತಾಯಿತು. ದೇವಿಗೆ ಬಾಯಾರುವುದಿಲ್ಲ. ಪಕ್ಕದ ಗುಡಿಸಲ ಕೆಂಪಿಯ ಕೂಸಿಗೆ ಬಾಯಾರುತ್ತದೆ. ನಾನು ದೇವಿಯಾದರೆ ಸಿಗುವುದು ಭಿಕ್ಷೆ. ಮನುಷ್ಯಳಾಗಿ ಕೇಳಿದರೆ ಹಕ್ಕು. ಗೊನೆ ವಾಪಸ್ ಕಳಿಸಿದೆ.

ಫೆ. 15, ಬೆಳಗ್ಗೆ
ಅಕ್ಕ ಬೈಯುತ್ತಲೇ ಪ್ಲಾಸ್ಟರ್ ಹಚ್ಚಿದಳು, ರೆಪ್ಪೆಯಿಂದ ಹಣೆಗೆ. ಕನ್ನಡಿಯಲ್ಲಿ ಗೂಬೆ. ಆದರೆ ಕಣ್ಣು ಪೂರಾ ತೆರೆದಿದೆ.
ಹಾಡಿಯವರೆಲ್ಲ ಅಂಗಳದಲ್ಲಿ. ಕೆಂಚಜ್ಜ ಎರಡು ಹೆಜ್ಜೆ ಹಿಂದೆ ಸರಿದ. "ದೇವಿಯ ಕಣ್ಣಿಗೆ ಅಂಟು ಹಾಕ್ತೀಯಾ?"
"ದೇವಿಯಾದರೆ ಕಿತ್ತು ಬಿಸಾಡಲಿ ಅಜ್ಜಾ. ನೋಡೋಣ."
ಕಾದರು. ನಾನೂ ಕಾದೆ. ಪ್ಲಾಸ್ಟರ್ ಅಲ್ಲಾಡಲಿಲ್ಲ.
ಅಜ್ಜ ಗಡ್ಡ ಕೆರೆದುಕೊಂಡ. ಎಲೆಅಡಿಕೆ ಉಗಿದ. ಮೂಲೆಯ ಮಚ್ಚು ಎತ್ತಿಕೊಂಡ.
"ಹಂಗಾದ್ರೆ ಬೇಲಿ ನಾವೇ ಕೀಳಬೇಕು, ಅಲ್ವಾ?"
ಜೀಪಿನ ಸದ್ದು. ತಹಶೀಲ್ದಾರರೇ. ಕೆಂಪಿ ಕೊಡ ಎತ್ತಿಕೊಂಡು ಆಗಲೇ ಮುಂದೆ. ಕಣ್ಣು ಉರಿಯುತ್ತಿದೆ, ಇರಲಿ. ಇವತ್ತು ತಹಶೀಲ್ದಾರರ ಎದುರೇ ದಿವಾಕರನನ್ನು ನೇರ ನೋಡಿ ಕೇಳುತ್ತೇನೆ—