ಸೋಮವಾರ ಪಾಠವಿಲ್ಲ

ಅಕ್ಟೋಬರ್ 3, ಸೋಮವಾರ

ಮತ್ತೆ ಬೇಗ ಎಚ್ಚರ. ಕ್ಯಾಂಟೀನಿನಲ್ಲಿ ಒಬ್ಬಳೇ, ಓಟ್ಸ್ ತಣ್ಣಗೆ. ಇವತ್ತು ಪಾಠವಿಲ್ಲ. ಇಲ್ಲಿ ಯಾವ ಸೋಮವಾರವೂ ಇಲ್ಲವಂತೆ. ಯಾಕೆ ಎಂದು ಏಳುತ್ತಲೇ ಕೇಳಿದ್ದಕ್ಕೆ, ತನ್ನ ರೂಮಿನಲ್ಲಿ ನನಗೆ ಜಾಗ ಕೊಟ್ಟಿರುವ ಇಲ್ಲಿನ ವಿದ್ಯಾರ್ಥಿನಿ ಬ್ರಿನ್ ಹೊದಿಕೆಯೊಳಗಿಂದಲೇ, “ನೂರೈವತ್ತು ವರ್ಷದ ಪದ್ಧತಿ ಕಣೇ. ರಜ ಕೊಟ್ಟಿದ್ದಾರೆ, ಮಲಗೋದು ಬಿಟ್ಟು ಕಾರಣ ಕೇಳ್ತಾಳೆ!”

ಸ್ಕೂಲು ಅರ್ಧಕ್ಕೆ ಬಿಟ್ಟವರನ್ನೂ ಈ ಕಾಲೇಜು ಸೇರಿಸಿಕೊಳ್ಳುತ್ತದೆ. ಎರಡು ವಾರ ಕ್ಲಾಸಿನಲ್ಲಿ ಕೂರಬೇಕು. ಕೊನೆಗೆ ಎಲ್ಲರೆದುರು ಒಂದು ಪ್ರಶ್ನೆ — ಉತ್ತರಿಸಬೇಕಾದ್ದಲ್ಲ, ನಾನೇ ಕೇಳಬೇಕಾದ್ದು. ಅದು ಕ್ಲಾಸಿನವರಿಗೆ ಹಿಡಿಸಿದರೆ ಸೀಟು. ಇಲ್ಲವಾದರೆ ಟೊಲೆಡೊಗೆ ವಾಪಸು ಬಸ್ಸು, ಅಕ್ಕನ ಸೋಫಾ, ಅವಳ ಗಂಡನ ಉಪದೇಶ.

ಅಕ್ಟೋಬರ್ 6

ಮೆಟ್ಟಿಲ ಬಳಿ ಹಳೆಯ ಫೋಟೊ. ಗಂಡಸರ ಜೊತೆ ಒಂದೇ ಕ್ಲಾಸಿನಲ್ಲಿ ಕೂತು ಓದಿದ ಮೊದಲ ಹುಡುಗಿಯರು. ಕಾಲೇಜಿಗೆ ಅದೇ ಹೆಮ್ಮೆ. ಎಲ್ಲರ ಉಡುಪಿನ ತೋಳೂ ಮೇಲಕ್ಕೆ ಮಡಚಿದೆ. ಹಿಂದೆ ಹಗ್ಗದ ತುಂಬ ಒಣಹಾಕಿದ ಗಂಡಸರ ಅಂಗಿ.

ನಮ್ಮ ಕ್ಲಾಸಿನ ಪ್ರೊಫೆಸರ್ ಹ್ಯಾಸ್ಕೆಲ್ ಹತ್ತಿರ ಓಡಿ, ಆ ಅಂಗಿಗಳೇನು ಎಂದು ಕೇಳಿದೆ.

“ಹ್ಞೂಂ, ಸೋಮವಾರ ಆ ಹುಡುಗಿಯರು ಹುಡುಗರ ಬಟ್ಟೆ ಒಗೀತಿದ್ರು. ಪಾಠ ಇಲ್ಲದ್ದು ಅದಕ್ಕೇ.”

“ಇದನ್ನ ಯಾರೂ ಕೇಳಿರಲಿಲ್ವಾ?”

“ಕೇಳಿದಾರೆ. ಉತ್ತರ ಸಿಕ್ತು, ಸುಮ್ಮನಾದ್ರು.”

ನನಗೆ ಸುಮ್ಮನಿರಲು ಆಗುತ್ತಿಲ್ಲ...

ಅಕ್ಟೋಬರ್ 14, ಮಧ್ಯಾಹ್ನ

ಕ್ಲಾಸಿನ ಹೊರಗಿನ ಬೆಂಚು. ನಡೆದದ್ದನ್ನು ಬರೆದುಬಿಡುತ್ತೇನೆ.

“ನ್ಯಾಯ ಅಂದ್ರೇನು ಅಂತ ಕೇಳು, ಯಾರಿಗೂ ಚುಚ್ಚಲ್ಲ,” ಎಂದಿದ್ದಳು ಬ್ರಿನ್. ಕೇಳಿದೆ. ಎಲ್ಲರೂ ತಲೆಯಾಡಿಸಿದರು. ಯಾರಿಗೂ ಚುಚ್ಚಲಿಲ್ಲ. ನನಗೆ ಅದು ತಿಳಿಯಬೇಕಾಗಿಯೇ ಇಲ್ಲ ಎಂದುಬಿಟ್ಟೆ. ತಿಳಿಯಬೇಕಾದ್ದು ಬೇರೆ: ಸೋಮವಾರ ಅವನ ಅಂಗಿ ಒಗೆದವಳು, ಮಂಗಳವಾರ ಅದನ್ನೇ ತೊಟ್ಟು ಅವನು ಪಕ್ಕದಲ್ಲಿ ಕೂತಾಗ, ‘ನೀನು ಹೇಳಿದ್ದು ತಪ್ಪು’ ಎಂದಳೇ?



ಲಿಂಡೆನ್ ಎಂಬ ಉದ್ದನೆಯ ಹುಡುಗ, “ಹೆಂಗೆ ಗೊತ್ತಾಗುತ್ತೆ? ಎಲ್ರೂ ಸತ್ತುಹೋಗಿದಾರೆ.”

“ನಿನ್ನ ಬಟ್ಟೆ ಒಗೆಯೋರು ಯಾರಪ್ಪಾ?” — ಬ್ರಿನ್.

“...ಅಮ್ಮ.”

“ನೀನು ತಪ್ಪು ಅಂತಾರಾ?”

“ದಿನಾ!”

ನಗು. ಆಮೇಲೆ ಜಗಳ. ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ತೀರ್ಮಾನಿಸುತ್ತೇವೆ, ಹೊರಗಿರು ಎಂದರು.

ಅದೇ ದಿನ, ಸಂಜೆ

ಇನ್ನೂ ಬೆಂಚಿನ ಮೇಲೇ. ಬಾಗಿಲಾಚೆ ನನ್ನ ಹೆಸರೇ ಕೇಳಿಸುತ್ತಿಲ್ಲ. ಬರೀ ಕೂಗಾಟ, ಬರೀ ಅಂಗಿಯ ಮಾತು.

ಈಗ ಹ್ಯಾಸ್ಕೆಲ್ ತಲೆ ಹೊರಹಾಕಿದರು. “ಅಯ್ಯೋ, ನಿನಗೆ ಹೇಳೋದೇ ಮರೆತ್ವಿ! ಸೀಟು ಆಗಲೇ ಕೊಟ್ಟಾಯ್ತು ಮಾರಾಯ್ತಿ. ಆ ಅಂಗಿ ಒಗೆದವಳು ಬಾಯಿ ಮುಚ್ಕೊಂಡೇ ಇದ್ದಿರಬೇಕು ಅಂತಾನೆ ಲಿಂಡೆನ್. ಬಾ ಬಾ, ನೀನೇನಂತೀ?”

ಹೋಗಬೇಕು. ಲಿಂಡೆನ್ ಹೇಳಿದ್ದು ತಪ್ಪು, ಯಾಕೆಂದರೆ